ಬೆಂಗಳೂರಿನಲ್ಲಿ ಅಂತ್ಯಕ್ರಿಯೆ: ಮೊದಲು ಕಾಗದ, ಆಮೇಲೆ ಚಟ್ಟ

ಹಳ್ಳಿಯಲ್ಲಾದರೆ ಸುದ್ದಿ ತಿಳಿಯುತ್ತಲೇ ಬಿದಿರು ಕಡಿಯುವವರು, ಗುಂಡಿ ತೋಡುವವರು ತಾವಾಗಿಯೇ ಬಂದು ನಿಲ್ಲುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎಲ್ಲವನ್ನೂ ನೀವೇ ಫೋನಿನಲ್ಲಿ ಹೊಂದಿಸಬೇಕು. ಹಾಗಾಗಿ ಮನೆಯಲ್ಲಿ ಅಳು ತಡೆದುಕೊಳ್ಳಬಲ್ಲ ಒಬ್ಬರ ಕೈಗೆ ಫೋನು, ಮೃತರ ಆಧಾರ್ ಕಾರ್ಡು ಕೊಟ್ಟುಬಿಡಿ. ಇಬ್ಬರಿಗೆ ಕೊಟ್ಟರೆ ಶವವಾಹನವೂ ಎರಡು ಬರುತ್ತದೆ.

ಮೊದಲು ಬೇಕಾದದ್ದು ವೈದ್ಯರ ಪ್ರಮಾಣಪತ್ರ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಸಾವಿನ ಕಾರಣವನ್ನು ನಮೂನೆ 4ರಲ್ಲಿ ಅಲ್ಲಿನ ವೈದ್ಯರೇ ಬರೆಯುತ್ತಾರೆ. ಮನೆಯಲ್ಲಾದರೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ನಮೂನೆ 4ಎ ತುಂಬಿಕೊಡಬೇಕು. ತೊಡಕಾಗುವುದು ಇಲ್ಲಿಯೇ. ತಾವು ಎಂದೂ ನೋಡದ ರೋಗಿಗೆ ಯಾವ ವೈದ್ಯರೂ ನಡುರಾತ್ರಿಯಲ್ಲಿ ಸುಲಭವಾಗಿ ಸಹಿ ಹಾಕುವುದಿಲ್ಲ, ಹಾಕಲೂಬಾರದು. ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು ಹತ್ತಿರದ ವೈದ್ಯರೊಬ್ಬರು ಆಗಾಗ ಬಂದು ನೋಡುವಂತೆ ಈಗಲೇ ಏರ್ಪಾಡು ಮಾಡಿಕೊಳ್ಳಿ. ಅಪಘಾತ, ಆತ್ಮಹತ್ಯೆ ಅಥವಾ ಅನುಮಾನಕ್ಕೆ ಎಡೆಯಿರುವ ಸಾವಾದರೆ ಪೊಲೀಸರು, ಪಂಚನಾಮೆ, ಮರಣೋತ್ತರ ಪರೀಕ್ಷೆ ಎಲ್ಲವೂ ಮುಗಿಯಬೇಕು. ಶಿಫಾರಸು ಹಿಡಿದು ಓಡಾಡಿ ಫಲವಿಲ್ಲ.

ಕಣ್ಣು ದಾನ ಮಾಡುವುದಿದ್ದರೆ ತಡಮಾಡದೆ ನೇತ್ರಬ್ಯಾಂಕಿಗೆ ತಿಳಿಸಿ. ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು, ಅದಕ್ಕಾಗಿ ಅವರು ಮನೆಗೇ ಬರುತ್ತಾರೆ. ಅಷ್ಟರವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದದ್ದು ಎಲ್ಲರಿಗೂ ಗೊತ್ತು. ಮುಖ ವಿಕಾರವಾಗುತ್ತದೆ ಎಂಬ ಹೆದರಿಕೆಯನ್ನು ಇನ್ನಾದರೂ ಬಿಡೋಣ.

ಇನ್ನು ಸುಡುವುದೋ, ಹೂಳುವುದೋ. ಸಂಪ್ರದಾಯ ಗಟ್ಟಿಯಾಗಿರುವ ಮನೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಎದ್ದರೆ, ಹೋದವರು ಬದುಕಿದ್ದಾಗ ಹೇಳಿದ ಮಾತಿಗೇ ಬೆಲೆ. ಕಾರಿನಿಂದ ಈಗಷ್ಟೇ ಇಳಿದ ಚಿಕ್ಕಪ್ಪನ ದನಿ ಎಷ್ಟೇ ದೊಡ್ಡದಿರಲಿ.

ಸುಡುವುದಾದರೆ ವಿಲ್ಸನ್ ಗಾರ್ಡನ್, ಬನಶಂಕರಿ, ಹೆಬ್ಬಾಳ, ಸುಮನಹಳ್ಳಿ ಮೊದಲಾದ ಕಡೆ ವಿದ್ಯುತ್ ಚಿತಾಗಾರಗಳಿವೆ. ಒಂದು ದೇಹಕ್ಕೆ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಮುಂದೆ ಎಷ್ಟು ಜನ ಕಾದಿದ್ದಾರೆ, ಒಲೆ ಕೆಲಸ ಮಾಡುತ್ತಿದೆಯೇ ಎಂದು ಕೇಳಿಕೊಂಡೇ ಮನೆಯಿಂದ ಹೊರಡಿ. ಸೌದೆಯ ಚಿತೆಗೆ ನೂರಾರು ಕಿಲೋ ಸೌದೆ ಬೇಕು, ಅಸ್ಥಿ ಆಯಲು ಮಾರನೆಯ ದಿನವೋ ಮೂರನೆಯ ದಿನವೋ ಮತ್ತೆ ಬರಬೇಕು. ವಿದ್ಯುತ್ ಚಿತಾಗಾರದಲ್ಲಿ ಅಸ್ಥಿ ಸಾಮಾನ್ಯವಾಗಿ ಅದೇ ದಿನ ಕೈಗೆ ಬರುತ್ತದೆ. ಮಂತ್ರ, ಬಾಯಿಗೆ ಅಕ್ಕಿ, ಪ್ರದಕ್ಷಿಣೆ ಎಲ್ಲವನ್ನೂ ಒಳಗೆ ಕಳಿಸುವ ಮೊದಲು ಮಾಡಬಹುದು. ನನ್ನನ್ನು ಕೇಳಿದರೆ ವಿದ್ಯುತ್ ಚಿತಾಗಾರವೇ ಸರಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮಾತ್ರ ಮೊದಲೇ ತೆಗೆಸಿ. ಬೆಂಕಿಯಲ್ಲಿ ಅದು ಸಿಡಿಯುತ್ತದೆ.

ಹೂಳುವುದಾದರೆ ಜಾಗದ ಚಿಂತೆ. ಕ್ರೈಸ್ತರು ಚರ್ಚಿನ ಪತ್ರ ಪಡೆದು ಹೊಸೂರು ರಸ್ತೆ, ಕಲ್ಪಳ್ಳಿಯಂಥ ಸ್ಮಶಾನಗಳಲ್ಲಿ ವಿಚಾರಿಸಬೇಕು. ಮನೆತನದ ಹಳೆಯ ಸಮಾಧಿಯಿದ್ದರೆ ಅದರ ಕಾಗದ ಹುಡುಕಿಡಿ, ಅದನ್ನೇ ಮತ್ತೆ ತೆರೆಯಬಹುದು. ಮುಸ್ಲಿಮರಲ್ಲಿ ದಫನ ಬೇಗ ಆಗಬೇಕು. ಸ್ನಾನ, ಕಫನ್, ಖಬರಸ್ತಾನದ ಏರ್ಪಾಡಿಗೆ ಮಸೀದಿಯ ಕಮಿಟಿಯೇ ನೆರವಾಗುತ್ತದೆ. ಲಿಂಗಾಯತರಲ್ಲಿ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವುದರಿಂದ, ದೇಹ ಸೆಟೆದುಕೊಳ್ಳುವ ಮೊದಲೇ ಕೂರಿಸಬೇಕು. ಬಾಡಿಗೆಗೆ ಸಿಗುವ ಫ್ರೀಜರ್ ಪೆಟ್ಟಿಗೆ ಮಲಗಿಸುವುದಕ್ಕೆ ಮಾಡಿದ್ದು. ಅಮೆರಿಕದಿಂದ ಮಗ ಬರುವವರೆಗೆ ಅದರಲ್ಲಿ ಇಡೋಣ ಎನ್ನುವ ಮುಂಚೆ ಮಠದ ಅಯ್ಯನವರನ್ನು ಒಂದು ಮಾತು ಕೇಳಿ.

ಊರಿಗೇ ಒಯ್ಯುವುದಾದರೆ ವೈದ್ಯರ ಪ್ರಮಾಣಪತ್ರದ ಪ್ರತಿ ವಾಹನದಲ್ಲಿರಲಿ. ಸಾವು ಬೆಂಗಳೂರಿನಲ್ಲಾಗಿದ್ದರೆ ಹಾಸನದ ತೋಟದಲ್ಲಿ ಮಣ್ಣು ಮಾಡಿದರೂ ನೋಂದಣಿ ಬೆಂಗಳೂರಿನಲ್ಲೇ ಆಗಬೇಕು.

ನೋಂದಣಿಗೆ 21 ದಿನಗಳ ಗಡುವು. ಆಸ್ಪತ್ರೆಯ ಸಾವನ್ನು ಆಸ್ಪತ್ರೆಯೇ ವರದಿ ಮಾಡುತ್ತದೆ, ಮನೆಯ ಸಾವನ್ನು ಮನೆಯವರು ತಿಳಿಸಬೇಕು. 30 ದಿನದವರೆಗೆ ತಡವಾದರೆ ದಂಡಶುಲ್ಕ ಕಟ್ಟಿದರೆ ಸಾಕು, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಚಿತಾಗಾರದ ಅಥವಾ ಸ್ಮಶಾನದ ರಸೀದಿಯನ್ನು ಜೋಪಾನವಾಗಿಡಿ. ಮೃತರ ಹೆಸರಿನ ಕಾಗುಣಿತ ಆಧಾರಿನಲ್ಲಿ ಇರುವಂತೆಯೇ ಬರೆಸಿ. ಒಂದು ಅಕ್ಷರ ತಪ್ಪಿದರೂ ಬ್ಯಾಂಕು, ವಿಮೆ, ಪಿಂಚಣಿ, ಖಾತೆ ಬದಲಾವಣೆ ಎಂದು ಪ್ರತಿ ಕಚೇರಿಯಲ್ಲೂ ಅಫಿಡವಿಟ್ ಕೇಳುತ್ತಾರೆ.