ವೈಲುವಾ ಹೊಳೆಯಲ್ಲಿ ಒಂದು ದಿನ: ನೀರಿಗಿಂತ ಗಾಳಿಯ ಲೆಕ್ಕ ಮುಖ್ಯ

ಹವಾಯಿಯ ಕವಾಯಿ ದ್ವೀಪದಲ್ಲಿ ಕಯಾಕ್ ಎಂಬ ಸಣ್ಣ ಹುಟ್ಟುದೋಣಿ ನಡೆಸಬೇಕು ಅಂದರೆ ಮೊದಲು ಬರುವ ಹೆಸರು ವೈಲುವಾ ಹೊಳೆ. ದ್ವೀಪದ ಪೂರ್ವ ಕರಾವಳಿಯಲ್ಲಿ, ಕಪಾ ಊರಿಗೆ ಹತ್ತಿರ ಅದು ಸಮುದ್ರ ಸೇರುತ್ತದೆ. ಅಲ್ಲಿಂದ ಹುಟ್ಟು ಹಾಕುತ್ತಾ ಸುಮಾರು 3 ಕಿ.ಮೀ. ಮೇಲಕ್ಕೆ ಹೋಗಬೇಕು. ಆಮೇಲೆ ದೋಣಿಯನ್ನು ದಡಕ್ಕೆ ಎಳೆದಿಟ್ಟು ಕಾಡಿನಲ್ಲಿ ಒಂದೂವರೆ ಕಿ.ಮೀ. ನಡೆದರೆ ಉಲುವೆಹಿ ಜಲಪಾತ ಸಿಗುತ್ತದೆ. ಪ್ರವಾಸಿಗರ ಬಾಯಲ್ಲಿ ಅದು ಸೀಕ್ರೆಟ್ ಫಾಲ್ಸ್. ನಾನು ಮತ್ತು ನನ್ನ ತಮ್ಮ ಹೋಗಿದ್ದೆವು. ನಮ್ಮ ಕೆರೆ, ಹಿನ್ನೀರುಗಳಲ್ಲಿ ಕಯಾಕ್ ನಡೆಸಿ ನನಗೆ ಅಭ್ಯಾಸವಿದೆ. ಅವನಿಗೆ ಇದು ಹೊಸದು.

ಹೊಳೆ ಅಂದ ತಕ್ಷಣ ನಾವು ಹರಿವಿನ ಲೆಕ್ಕ ಹಾಕುತ್ತೇವೆ. ಮೇಲಕ್ಕೆ ಹೋಗುವಾಗ ಕಷ್ಟ, ಇಳಿದು ಬರುವಾಗ ಸುಲಭ ಅಂತ. ವೈಲುವಾದ ಕೆಳಭಾಗದಲ್ಲಿ ಅದು ಉಲ್ಟಾ. ಅಲ್ಲಿ ಹೊಳೆ ಅಗಲವಾಗಿದೆ, ಆಳವಿದೆ, ಸಮುದ್ರದ ಉಬ್ಬರ ಇಳಿತಕ್ಕೆ ಸಿಕ್ಕಿ ನೀರು ಹೆಚ್ಚುಕಡಿಮೆ ನಿಂತಂತೆಯೇ ಇರುತ್ತದೆ. ‘ಅಕ್ಕಾ, ಇದು ಹರೀತಾನೇ ಇಲ್ವಲ್ಲ’ ಅಂದ ತಮ್ಮ. ಅಲ್ಲಿ ಹರಿಯುವುದು ಗಾಳಿ. ವರ್ಷದ ಹೆಚ್ಚಿನ ದಿನ ಈಶಾನ್ಯದ ವಾಣಿಜ್ಯ ಮಾರುತ ಸಮುದ್ರದಿಂದ ಒಳಗೆ ಬೀಸುತ್ತದೆ. ಬೆಳಿಗ್ಗೆ ಮೆಲ್ಲಗೆ, ಮಧ್ಯಾಹ್ನದ ಹೊತ್ತಿಗೆ ಜೋರಾಗಿ. ಹೋಗುವಾಗ ಅದು ಬೆನ್ನು ತಳ್ಳುತ್ತದೆ, ಬರುವಾಗ ಎದೆಗೆ ಹೊಡೆಯುತ್ತದೆ. ನಡೆದು ದಣಿದ ಮೇಲೆ ಬರುವ ಪಾಲೇ ಕಷ್ಟದ ಪಾಲು. ಹಾಗಾಗಿ ನಾನು ಇಡೀ ದಿನವನ್ನು ಕೊನೆಯಿಂದ ಹಿಂದಕ್ಕೆ ಯೋಚಿಸಿದೆ. ಬೆಳಿಗ್ಗೆ ಬೇಗ ಹೊರಡುವುದು, ಹೋಗುವಾಗ ಸುಮ್ನೆ ಶಕ್ತಿ ಖರ್ಚು ಮಾಡದೆ ಇರುವುದು, ಮಧ್ಯಾಹ್ನ ಬಿಸಿಲೇರುವ ಮೊದಲೇ ಹಿಂದಿರುಗುವುದು.

ಇಬ್ಬರು ಕೂರುವ ಕಯಾಕಿನಲ್ಲಿ ಮುಂದಿನವರು ಲಯ ಹಿಡಿಯಬೇಕು, ಹಿಂದಿನವರು ದಿಕ್ಕು ನೋಡಿಕೊಳ್ಳಬೇಕು. ತಮ್ಮನನ್ನು ಮುಂದೆ ಕೂರಿಸಿದೆ. ಹೊಸಬರು ತೋಳಿನ ಬಲದಲ್ಲಿ ಎಳೆಯುತ್ತಾರೆ, ಅರ್ಧ ಗಂಟೆಯಲ್ಲಿ ಭುಜ ಸೋಲುತ್ತದೆ. ಪಾದವನ್ನು ದೋಣಿಯೊಳಗಿನ ಕಾಲಾನಿಕೆಗೆ ಒತ್ತಿ, ಬೆನ್ನು ನೆಟ್ಟಗಿಟ್ಟು, ಸೊಂಟದಿಂದ ಮೇಲೆ ಇಡೀ ಮೈ ತಿರುಗಿಸಬೇಕು. ಹುಟ್ಟನ್ನು ಪಾದದ ಹತ್ತಿರ ನೀರಿಗಿಳಿಸಿ, ಸೊಂಟದ ಹತ್ತಿರ ಬಂದಾಗ ಎತ್ತಬೇಕು. ಅದಕ್ಕಿಂತ ಹಿಂದಕ್ಕೆ ಎಳೆದರೆ ದೋಣಿ ಮುಂದೆ ಹೋಗುವುದಿಲ್ಲ, ಮೂತಿ ತಿರುಗುತ್ತದೆ ಅಷ್ಟೆ. ಇದನ್ನು ಹೇಳಿಕೊಡಲು ನಿಂತ ನೀರಿಗಿಂತ ಒಳ್ಳೆಯ ಜಾಗ ಇಲ್ಲ. ಎರಡನೇ ತಿರುವಿನ ಹೊತ್ತಿಗೆ ಅವನ ಹುಟ್ಟಿನ ಸದ್ದೇ ಬದಲಾಗಿತ್ತು.

ಈ ಹೊಳೆಯಲ್ಲಿ ದೊಡ್ಡ ದೋಣಿಗಳೂ ಓಡಾಡುತ್ತವೆ. ಫರ್ನ್ ಗ್ರೋಟೊ ಎಂಬ ಜರಿಗಿಡ ಜೋತಾಡುವ ಗುಹೆಗೆ ಜನರನ್ನು ಕರೆದೊಯ್ಯುತ್ತವೆ. ಅದಕ್ಕೇ ಕಯಾಕ್‌ಗಳು ಉತ್ತರದ ದಡ ಹಿಡಿದೇ ಹೋಗಬೇಕು. ಹೋಗುವಾಗ ಅದು ನಮ್ಮ ಬಲಕ್ಕೆ, ಬರುವಾಗ ಎಡಕ್ಕೆ. ಮುಂದೆ ಹೊಳೆ ಕವಲೊಡೆಯುತ್ತದೆ. ಎಡಕ್ಕೆ ಗುಹೆ, ಬಲಕ್ಕೆ ನಮ್ಮ ಜಲಪಾತ.

ದಡದುದ್ದಕ್ಕೂ ಹೌ ಮರಗಳು. ದಾಸವಾಳದ ಬಳಗದ್ದು. ಕೊಂಬೆಗಳು ನೀರಿನ ಮೇಲಕ್ಕೇ ಬಾಗಿ ಹೆಣೆದುಕೊಂಡಿರುತ್ತವೆ. ಹೂವು ಬೆಳಿಗ್ಗೆ ಹಳದಿ, ಸಂಜೆಗೆ ಕೆಂಪಾಗಿ ಉದುರುತ್ತದೆ. ಹವಾಯಿಯ ಜನ ಹಿಂದೆ ಇದರ ಹಗುರ ಮರದಿಂದ ದೋಣಿ ಮಗುಚದಂತೆ ಪಕ್ಕಕ್ಕೆ ಕಟ್ಟುವ ತೇಲುದಿಮ್ಮಿ ಮಾಡುತ್ತಿದ್ದರು. ಇದೇ ಹೊಳೆಯ ದಂಡೆಯಲ್ಲಿ ಇನ್ನೂ ಮೇಲೆ, ಒಂದು ಹಿಂದೂ ಮಠ ಇದೆ. 1970ರಲ್ಲಿ ಶುರುವಾದದ್ದು. ಅಲ್ಲಿನ ಇರೈವನ್ ದೇವಸ್ಥಾನದ ಬಿಳಿ ಗ್ರಾನೈಟ್ ಕಲ್ಲುಗಳನ್ನು ಕೈಯಿಂದಲೇ ಕೆತ್ತಿದ್ದು ನಮ್ಮ ಬೆಂಗಳೂರಿನ ಹತ್ತಿರ! ಕೆತ್ತಿ, ಹಡಗಿಗೆ ಹಾಕಿ ಇಲ್ಲಿಗೆ ತಂದು ಜೋಡಿಸಿದ್ದಾರೆ. 2023ರಲ್ಲಿ ಕುಂಭಾಭಿಷೇಕ ಆಯಿತು. ಕಯಾಕ್ ದಿನಕ್ಕೆ ಅದನ್ನು ಸೇರಿಸಬೇಡಿ, ಅದಕ್ಕೆ ಬೇರೆ ದಿನ ಇಡಿ.

ನಡಿಗೆಯ ದಾರಿ ದೂರವಲ್ಲ, ಆದರೆ ಕೆಸರು ಮತ್ತು ಬೇರು. ಮಧ್ಯೆ ಹೊಳೆ ದಾಟಬೇಕು. ಹೆಚ್ಚಿನ ದಿನ ಮೊಣಕಾಲಿನಷ್ಟು ನೀರು. ಬರಿಗಾಲೂ ಬೇಡ, ಹವಾಯಿ ಚಪ್ಪಲಿಯೂ ಬೇಡ. ಹಿಡಿತ ಇರುವ, ನೆನೆದರೂ ನಡೆಯುವ ಬೂಟು ಬೇಕು. ಅಲ್ಲಿನ ಜನ ಅಡಿಭಾಗಕ್ಕೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಹಾಕಿದ ಟಾಬಿ ಎಂಬ ಬೂಟು ಹಾಕುತ್ತಾರೆ. ಪಾಚಿಗಟ್ಟಿದ ಕಲ್ಲಿನ ಮೇಲೆ ಅದರಷ್ಟು ಗಟ್ಟಿಯಾಗಿ ಕಚ್ಚುವುದು ಬೇರೆ ನೋಡಿಲ್ಲ. ದಾಟುವಾಗ ನೀರು ಹರಿದು ಬರುವ ಕಡೆಗೆ ಮುಖ ಮಾಡಿ ನಿಂತು, ಒಂದು ಕಾಲು ಊರಿದ ಮೇಲೆ ಇನ್ನೊಂದನ್ನು ಸರಿಸಿದೆವು.

ಹುಷಾರಾಗಿ ಇರಬೇಕಾದ್ದು ಇಲ್ಲಿ. ಈ ಹೊಳೆಯ ನೀರು ಬರುವುದು ದ್ವೀಪದ ನಡುವಿನ ವಾಯಾಲೆಯಾಲೆ ಬೆಟ್ಟದಿಂದ. ಎತ್ತರ 1,569 ಮೀಟರ್. ವರ್ಷಕ್ಕೆ ಸರಾಸರಿ 9 ಮೀಟರ್‌ಗೂ ಮಿಕ್ಕಿ ಮಳೆ. ನಮ್ಮ ಆಗುಂಬೆಗಿಂತ ಎಷ್ಟೋ ಜಾಸ್ತಿ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಬೆಟ್ಟದಲ್ಲಿ ಸುರಿಯುತ್ತಿರಬಹುದು. ನೀರು ನೋಡನೋಡುತ್ತ ಏರುತ್ತದೆ. ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ ಹವಾಮಾನ ಇಲಾಖೆಯ ದಿಢೀರ್ ಪ್ರವಾಹದ ಎಚ್ಚರಿಕೆ ಇದೆಯಾ ಅಂತ ನೋಡಿದೆ. ದಾಟುವ ಜಾಗದಲ್ಲಿ ಒಂದು ಕಲ್ಲನ್ನು ಗುರುತಿಟ್ಟು, ನೀರು ಅದರ ಎಲ್ಲಿವರೆಗೆ ಇದೆ ಅಂತ ಫೋಟೋ ತೆಗೆದುಕೊಂಡೆ. ನೀರು ಕಂದು ಬಣ್ಣಕ್ಕೆ ತಿರುಗಿದರೆ, ಎಲೆ ಕಡ್ಡಿ ತೇಲಿ ಬಂದರೆ, ಸದ್ದು ದಪ್ಪವಾದರೆ ದಾಟಬಾರದು. ಎತ್ತರದ ಜಾಗದಲ್ಲಿ ಕೂತು ನೀರು ಇಳಿಯುವವರೆಗೆ ಕಾಯಬೇಕು, ಕತ್ತಲಾದರೂ ಸರಿ.

ಜಲಪಾತ ಸುಮಾರು 100 ಅಡಿ. ಕಪ್ಪು ಬಂಡೆ, ತೆಳ್ಳಗೆ ಹರಡಿ ಬೀಳುವ ನೀರು, ಕೆಳಗೆ ತಣ್ಣನೆಯ ಗುಂಡಿ. ಕಾಡುಕೋಳಿಗಳು ಊಟದ ಡಬ್ಬಿ ತೆಗೆಯುವುದನ್ನೇ ಕಾಯುತ್ತಿರುತ್ತವೆ. ನೀರಿಗಿಳಿದೆವು, ಆದರೆ ಬೀಳುವ ನೀರಿನ ನೇರ ಕೆಳಗೆ ಹೋಗಲಿಲ್ಲ. ಮೇಲಿಂದ ಕಲ್ಲು ಬೀಳುವುದುಂಟು. ಇನ್ನೊಂದು ಮಾತು. ಹವಾಯಿಯ ಹೊಳೆಗಳಲ್ಲಿ ಇಲಿ ಜ್ವರದ ರೋಗಾಣು ಇರುತ್ತದೆ. ಮೈಮೇಲೆ ಗಾಯ ಇದ್ದರೆ ಇಳಿಯಬೇಡಿ, ನೀರು ಕುಡಿಯಬೇಡಿ. ಆಮೇಲೆ ಕೆಲವು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಹೊಳೆಯ ವಿಷಯ ಮೊದಲೇ ಹೇಳಿ.

ವಾಪಸ್ ಬರುವಾಗ ಗಾಳಿ ನಾನು ಅಂದುಕೊಂಡಷ್ಟೇ ಜೋರಾಗಿತ್ತು. ಹೊಳೆಯ ನಡುವೆ ಸಣ್ಣ ಅಲೆಗಳು ಎದ್ದಿದ್ದವು. ನಾವು ಉತ್ತರದ ದಡಕ್ಕೆ ಇನ್ನಷ್ಟು ಒತ್ತಿಕೊಂಡು, ಹೌ ಮರಗಳ ಮರೆಯಲ್ಲೇ ಬಂದೆವು. ಮರೆಯಲ್ಲಿ ಗಾಳಿ ಅರ್ಧಕ್ಕರ್ಧ ಕಡಿಮೆ. ತಿರುವಿನಲ್ಲಿ ಬಯಲಾಗುವ ಮೊದಲು ಒಂದು ನಿಮಿಷ ನಿಂತು ಉಸಿರು ತೆಗೆದುಕೊಳ್ಳುವುದು, ಬಯಲಲ್ಲಿ ಹುಟ್ಟನ್ನು ತಗ್ಗಿಸಿ ಚಿಕ್ಕ ಚಿಕ್ಕ ಎಳೆತ ಹಾಕುವುದು, ನಿಲ್ಲದೆ ಮುಂದಿನ ಮರೆ ಸೇರುವುದು. ಬಯಲಲ್ಲಿ ಕೈ ನಿಲ್ಲಿಸಿದರೆ ದೋಣಿ ಹಿಂದಕ್ಕೇ ಹೋಗುತ್ತದೆ. ಹೋಗುವಾಗಿನ ಒಂದೂವರೆ ಪಟ್ಟು ಹೊತ್ತು ಹಿಡಿಯಿತು. ತಮ್ಮ ಲಯ ತಪ್ಪಿಸಲಿಲ್ಲ. ದಡದಲ್ಲಿ ದೋಣಿ ತೊಳೆದು ಒಪ್ಪಿಸುವಾಗ ‘ನಾಳೆ ಗುಹೆ ಕಡೆಗೆ ಹೋಗೋಣ್ವಾ?’ ಅಂತ ಅವನೇ ಕೇಳಿದ.