ಹೊಟ್ಟೆ ಮೇಲೆ ಹಳೆ ಹೊಲಿಗೆ ಇದ್ರೆ ಲ್ಯಾಪ್ರೋಸ್ಕೋಪಿ ಶುರು ಮಾಡೋದು ಹೇಗೆ

ಲ್ಯಾಪ್ರೋಸ್ಕೋಪಿ ಅಂದ್ರೆ ಹೊಟ್ಟೆಗೆ ಗ್ಯಾಸ್ ತುಂಬಿ, ಸಣ್ಣ ತೂತಿಂದ ಕ್ಯಾಮೆರಾ ಹಾಕಿ ಮಾಡೋ ಆಪರೇಷನ್. ನಮ್ಮ ಕಾರವಾರ, ಶಿರಸಿ ಕಡೆಯವ್ರು ಮೊದಲ ಆಪರೇಷನ್ ಗೋವಾದಲ್ಲೋ ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಮಾಡಿಸ್ಕೊಂಡಿರ್ತಾರೆ, ಏನಾಗಿತ್ತು ಅಂದ್ರೆ "ಹೊಟ್ಟೆ ಆಪರೇಷನ್" ಅಂತಾರೆ ಅಷ್ಟೇ, ಅದಕ್ಕೇ ಮೊದಲು ಹಳೆ ಡಿಸ್ಚಾರ್ಜ್ ಕಾರ್ಡ್ ತರಿಸ್ಕೊಳ್ಳಿ. ಹೊಟ್ಟೆ ನಡುವೆ ಉದ್ದ ಹೊಲಿಗೆ ಇದ್ರೆ ಹೊಕ್ಕುಳಿಂದ ಗ್ಯಾಸ್ ತುಂಬೋ ಸೂಜಿ (ವೆರೆಸ್ ಸೂಜಿ) ಹಾಕ್ಬೇಡಿ, ಕರುಳು ಅಲ್ಲೇ ಅಂಟಿರಬಹುದು. ಸಿಸೇರಿಯನ್ನಿನ ಅಡ್ಡ ಹೊಲಿಗೆ ತಾನೇ ಅಂತ ಸಸಾರ ಮಾಡೋದೂ ಬೇಡ.

ನಾನು ಹೋಗೋದು ಪಾಮರ್ಸ್ ಪಾಯಿಂಟಿಂದ. ಎಡ ಕಾಲರ್ ಮೂಳೆ ಮಧ್ಯದಿಂದ ನೇರ ಕೆಳಗೆ, ಪಕ್ಕೆಲುಬಿನ ಅಂಚಿಂದ 3 ಸೆಂ.ಮೀ. ಕೆಳಗೆ. ಟೇಬಲ್ ಸಪಾಟಾಗಿರ್ಲಿ, ಮೂಗಿಂದ ರೈಲ್ಸ್ ಟ್ಯೂಬ್ ಹಾಕಿ ಜಠರ ಖಾಲಿ ಮಾಡಿ, ಇದೊಂದು ಮರೀಲೇಬೇಡಿ ಮಾರಾಯ್ರೆ. ಸ್ಪ್ಲೀನ್ ಅಥವಾ ಲಿವರ್ ದೊಡ್ಡದಾಗಿದ್ರೆ, ಜಠರದ ಸರ್ಜರಿ ಆಗಿದ್ರೆ ಈ ಜಾಗ ಬಿಟ್ಟು ಹಳೆ ಗಾಯದಿಂದ ದೂರದಲ್ಲಿ ಹ್ಯಾಸನ್ ಓಪನ್ ಮೆಥಡ್ (ಸೂಜಿ ಚುಚ್ಚದೆ, ಸಣ್ಣದಾಗಿ ಕುಯ್ದು ನೋಡ್ಕೊಂಡೇ ಒಳಗೆ ಹೋಗೋದು) ಮಾಡಿ, ಅದ್ರಲ್ಲೂ ಕರುಳಿಗೆ ಪೆಟ್ಟಾಗೋದೇ ಇಲ್ಲ ಅಂತಲ್ಲ.

ವೆರೆಸ್ ಸೂಜಿ ಸರಿ ಜಾಗದಲ್ಲಿದ್ರೆ ಶುರುವಿನ ಗ್ಯಾಸ್ ಪ್ರೆಶರ್ 10 ಎಂಎಂಎಚ್‌ಜಿ ಒಳಗಿರುತ್ತೆ. ಎರಡು ಸಲ ಆಗ್ಲಿಲ್ಲ ಅಂದ್ರೆ ಹಠ ಬೇಡ, ಹ್ಯಾಸನ್ ಓಪನ್ ಮೆಥಡ್ಡೇ ಮಾಡಿ. ಕ್ಯಾಮೆರಾ ಒಳಗೆ ಹೋದ ಕೂಡ್ಲೇ ಮೊದಲು ಚುಚ್ಚಿದ ಜಾಗದ ಕೆಳಗೇ ನೋಡಿ, ರಕ್ತ, ಮಲ ಏನಾದ್ರೂ ಇದ್ಯಾ ಅಂತ, ಆಮೇಲೆ ಸುತ್ತಲೂ. ಉಳಿದ ಪೋರ್ಟ್ (ಉಪಕರಣ ತೂರಿಸೋ ಕೊಳವೆ) ಎಲ್ಲಾ ಕಣ್ಣೆದುರೇ ಹಾಕಿ.