ಬಾಲದಲ್ಲಿ ಉಳಿದ ಪದ್ಯಗಳು: ನುಡಿ ಫಾಂಟಿನ ಪ್ರಸಂಗಗಳನ್ನು ಯೂನಿಕೋಡಿಗೆ ದಾಟಿಸಿದ ನನ್ನ ಅನುಭವ

"ಹೊಸತಾಗಿ ಟೈಪು ಮಾಡಿಸಿ, ಅದೇ ಅಗ್ಗ." ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮುಳ್ಳೇರಿಯದವರೆಗೆ ಡಿಟಿಪಿ ಕೆಲಸದವರು ಹೇಳಿದ್ದು ಇಷ್ಟೇ. ಯಕ್ಷಗಾನ ಪ್ರಸಂಗಗಳು, ತಾಳಮದ್ದಳೆ ಕೂಟಗಳ ಸ್ಮರಣ ಸಂಚಿಕೆಗಳು, ವಾಚನಾಲಯದ ವಾರ್ಷಿಕ ವರದಿಗಳು, ಎಲ್ಲ ಸೇರಿ ನೂರನಲವತ್ತು ಚಿಲ್ಲರೆ ಫೈಲುಗಳು. ಪುಟದ ಲೆಕ್ಕದಲ್ಲಿ ಸುಮಾರು 2,300. ಮುಕ್ಕಾಲು ಪಾಲು ವರ್ಡಿನಿಂದ ವೆಬ್ ಪುಟದ ರೂಪಕ್ಕೆ, ಅಂದರೆ ಎಚ್‌ಟಿಎಂಎಲ್ ಆಗಿ ಉಳಿಸಿದ್ದು, ಉಳಿದದ್ದು ಪೇಜ್‌ಮೇಕರಿನಿಂದ ತೆಗೆದದ್ದು. ಫಾಂಟು ನುಡಿ, ಬರಹ, ಅಲ್ಲಲ್ಲಿ ಶ್ರೀಲಿಪಿ; ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಹಳೆ ಫಾಂಟುಗಳು. ಮಾದರಿಗೆ ಕೊಟ್ಟ ಅರವತ್ತು ಪುಟ ಬಿಟ್ಟರೆ ಒಂದಕ್ಷರವನ್ನೂ ಮರಳಿ ಟೈಪು ಮಾಡಿಸದೆ, ಮಲಯಾಳದ ಜಾಹೀರಾತುಗಳ ಹೊರತು ಈಗ ಎಲ್ಲವೂ ಯೂನಿಕೋಡಿನಲ್ಲಿ ಉಂಟು, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಕೋಡು. ಆಗುವುದಿಲ್ಲ ಎಂದವರಲ್ಲಿ ಇಬ್ಬರು ತಮ್ಮ ಹಳೆ ಸಿಡಿಗಳನ್ನೂ ಕೊಟ್ಟುಹೋಗಿದ್ದಾರೆ.

ಹಳೆ ಫಾಂಟನ್ನು ಯೂನಿಕೋಡು ಮಾಡುವ ಕನ್ವರ್ಟರ್ ಇದೆಯಲ್ಲ, ಅಂಟಿಸಿ ಗುಂಡಿ ಒತ್ತಿದರೆ ಸಾಕಲ್ಲ ಎಂದು ಕೇಳುವವರಿಗೆ ಒಂದು ಮಾತು. ಒಂದು ಪ್ಯಾರಾ ಅಂಟಿಸಿದರೆ ಸಾಕು, ಹೌದು. ಫೈಲನ್ನೇ ಕೊಟ್ಟರೆ ಏನಾಗುತ್ತದೆ ನೋಡಿ. ನುಡಿಯಲ್ಲಿ ಬರೆದ "ಕನ್ನಡ" ಎಂಬ ಪದದ ಒಳಗೆ ನಿಜವಾಗಿ ಇರುವುದು ಇಂಗ್ಲಿಷಿನ ಪಿ, ತಲೆಮೇಲೆ ಓರೆಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಜರ್ಮನರ ಜೋಡಿ ಎಸ್, ಕ್ಯೂ. ನಕಾರ ಅಂದರೆ ಪೌಂಡು. ಎಚ್‌ಟಿಎಂಎಲ್ ಮಾಡುವಾಗ ಈ ಗುರುತುಗಳು ಆಂಪರ್‌ಸ್ಯಾಂಡ್ ಹಚ್ಚಿ ಹೆಸರಾಗಿ ಕೂರುತ್ತವೆ: ಪೌಂಡ್, ಎ-ಗ್ರೇವ್, ಎಸ್‌ಜ಼ೆಡ್-ಲಿಗ್. ಹಸಿ ಫೈಲಿನ ಮೇಲೆ ಹುಡುಕಿ-ಬದಲಿಸು ಓಡಿಸಿದರೆ "ಪೌಂಡ್" ಎಂಬ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳೂ ಕನ್ನಡವಾಗುತ್ತವೆ. ಪ್ಯಾರಾ ಶುರುವಾಯಿತು ಎಂದು ಕೋನಾವರಣದಲ್ಲಿ ಹಾಕುವ ಗುರುತು, ಅಂದರೆ ಪ್ಯಾರಾ ಟ್ಯಾಗ್, ಅದರ ಪಿ ಕೂಡ ಕನ್ನಡವಾಗುತ್ತದೆ. ನನ್ನ ಮೊದಲ ಪ್ರಯತ್ನದ ಫಲ ಇದೇ, ಒಂದೇ ಒಂದು ಟ್ಯಾಗ್ ಉಳಿಯಲಿಲ್ಲ. ಟ್ಯಾಗುಗಳನ್ನು ರೆಜೆಕ್ಸಿನಿಂದ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ಉಪಾಯ) ಕಿತ್ತು ಬರೀ ಪಠ್ಯ ಉಳಿಸಿಕೊಂಡದ್ದು ಎರಡನೆಯ ಪ್ರಯತ್ನ. ಆಗ ಮಧ್ಯೆ ಮಧ್ಯೆ ಇದ್ದ ನಿಜವಾದ ಇಂಗ್ಲಿಷೆಲ್ಲ ಗೊಬ್ಬರದ ಗುಂಡಿಗೆ ಹೋಯಿತು. ಯಾವುದು ಇಂಗ್ಲಿಷ್, ಯಾವುದು ಇಂಗ್ಲಿಷಿನ ವೇಷ ಹಾಕಿದ ಕನ್ನಡ ಎಂದು ಹೇಳುವ ಸಾಕ್ಷಿ ಈ ಫೈಲುಗಳಲ್ಲಿ ಒಂದೇ, ಫಾಂಟಿನ ಹೆಸರು. ಅದು ಇರುವುದು ಟ್ಯಾಗಿನಲ್ಲಿ. ಅದನ್ನು ಮೊದಲೇ ಕಿತ್ತು ಬಿಸಾಡಿದರೆ ಮತ್ತೆ ಯಾರನ್ನು ಕೇಳುವುದು?

ಹಾಗಾಗಿ ಪಾರ್ಸರ್, ಅಂದರೆ ಟ್ಯಾಗುಗಳನ್ನು ಒಂದರೊಳಗೊಂದು ಮರದ ಹಾಗೆ ಜೋಡಿಸಿ ಓದುವ ಪ್ರೋಗ್ರಾಮ್. ಬ್ಯೂಟಿಫುಲ್ ಸೂಪ್, ಎಚ್‌ಟಿಎಂಎಲ್5ಲಿಬ್, ಎಲ್‌ಎಕ್ಸ್‌ಎಂಎಲ್ ಎಂಬ ಮೂರು ಪೈಥಾನ್ ಲೈಬ್ರರಿಗಳನ್ನೂ ನೋಡಿದೆ. ಎಚ್‌ಟಿಎಂಎಲ್5ಲಿಬ್ ಬ್ರೌಸರಿನ ಹಾಗೆಯೇ ಓದುತ್ತದೆ, ಆದರೆ ಪೂರ್ತಿ ಪೈಥಾನ್; ದೊಡ್ಡ ಸಂಚಿಕೆ ಕೊಟ್ಟರೆ ಚಾ ಕುಡಿದು ಬರಬಹುದು. ನಿಂತದ್ದು ಎಲ್‌ಎಕ್ಸ್‌ಎಂಎಲ್‌ನಲ್ಲಿ. ಒಳಗಿನ ಎಂಜಿನ್ ಸಿ ಭಾಷೆಯ ಲಿಬ್‌ಎಕ್ಸ್‌ಎಂಎಲ್2. ವೇಗ ಒಂದು ಕಾರಣ, ಮರದಲ್ಲಿ ಬೇಕಾದ ಭಾಗ ಹುಡುಕುವ ಭಾಷೆ ಎಕ್ಸ್‌ಪಾತ್ ಇನ್ನೊಂದು.

ಎನ್‌ಕೋಡಿಂಗಿನಲ್ಲೇ, ಅಂದರೆ ಯಾವ ಬೈಟು ಯಾವ ಅಕ್ಷರ ಎಂಬ ಲೆಕ್ಕದಲ್ಲೇ, ಒಂದು ವಾರ ಹೋಯಿತು. ಫೈಲಿನ ತಲೆಯಲ್ಲಿ ಐಎಸ್‌ಒ-8859-1 ಎಂದು ಬರೆದಿರುತ್ತದೆ, ನಂಬಬೇಡಿ. ಬ್ರೌಸರುಗಳು ಆ ಹೆಸರು ಕಂಡರೆ ವಿಂಡೋಸ್-1252 ಎಂದೇ ಓದುತ್ತವೆ. ನನ್ನ ಕಂಪ್ಯೂಟರಿನಲ್ಲಿದ್ದ ಲಿಬ್‌ಎಕ್ಸ್‌ಎಂಎಲ್2 ಅಕ್ಷರಶಃ ನಂಬಿತು, ಬಾಗಿದ ಉದ್ಧರಣ ಚಿಹ್ನೆಗಳೆಲ್ಲ ಕಣ್ಣಿಗೆ ಕಾಣದ ಕಂಟ್ರೋಲ್ ಅಕ್ಷರಗಳಾದವು. ಪಾರ್ಸರ್ ಕಟ್ಟುವಾಗಲೇ ಎನ್‌ಕೋಡಿಂಗನ್ನು ವಿಂಡೋಸ್-1252 ಎಂದು ಕೊಟ್ಟುಬಿಡಿ. ಬೈಟುಗಳನ್ನೇ ಕೊಡಿ, ಪೈಥಾನಿನಲ್ಲಿ ಮೊದಲೇ ಡಿಕೋಡ್ ಮಾಡಲು ಹೋದರೆ 81, 8ಡಿ, 8ಎಫ್, 90, 9ಡಿ ಈ ಐದು ಬೈಟುಗಳಲ್ಲಿ ಯಾವುದು ಸಿಕ್ಕಿದರೂ ಅಲ್ಲೇ ಬಿದ್ದುಹೋಗುತ್ತದೆ. ಯೂನಿಕೋಡಿನಲ್ಲೇ ಇದ್ದ ಹೊಸ ಫೈಲುಗಳಿಗೆ ಉಲ್ಟಾ ಕಾಯಿಲೆ: ಎನ್‌ಕೋಡಿಂಗ್ ಹೇಳುವ ಮೆಟಾ ಟ್ಯಾಗ್ ಇಲ್ಲದಿದ್ದರೆ ಕನ್ನಡದ ಪ್ರತಿ ಅಕ್ಷರ ಮೂರು ತುಂಡಾಗಿ, ಓರೆಗೀಟಿನ ಎ, ಪಕ್ಕದಲ್ಲಿ ಚಿಕ್ಕ 2 ಅಥವಾ ಚಿಕ್ಕ 3, ಮತ್ತೊಂದು ಕಸ ಎಂದು ಸಾಲುಗಟ್ಟುತ್ತದೆ. ಅದನ್ನು ಕಂಡರೆ ಯುಟಿಎಫ್-8 ಎಂದು ಹೇಳಿಕೊಟ್ಟರೆ ಮುಗಿಯಿತು.

ಇನ್ನು ಬಾಲದ ಕಥೆ. ಎಲ್‌ಎಕ್ಸ್‌ಎಂಎಲ್ ಬಳಸಿದವರಿಗೆ ಟೆಕ್ಸ್ಟ್ ಮತ್ತು ಟೇಲ್ ಗೊತ್ತು: ಟ್ಯಾಗಿನ ಒಳಗೆ ಮೊದಲಿಗೆ ಬರುವುದು ಟೆಕ್ಸ್ಟ್, ಟ್ಯಾಗ್ ಮುಚ್ಚಿದ ಮೇಲೆ ಮುಂದಿನ ಟ್ಯಾಗಿನವರೆಗೆ ಬರುವುದು ಅದೇ ಟ್ಯಾಗಿನ ಟೇಲ್. ಗೊತ್ತಿದ್ದೂ ನಾನು ಎರಡು ಸಲ ಬಿದ್ದೆ. ಪ್ರಸಂಗದ ಪದ್ಯಗಳನ್ನು ಟೈಪು ಮಾಡಿದವರು ಒಂದೇ ಪ್ಯಾರಾದಲ್ಲಿ ಸಾಲು ಮುರಿಯುವ ಬಿಆರ್ ಟ್ಯಾಗ್ ಹಾಕಿ ಇಳಿಸಿದ್ದಾರೆ. ಅಂದರೆ ಭಾಮಿನಿ ಷಟ್ಪದಿಯ ಆರು ಸಾಲಿನಲ್ಲಿ ಮೊದಲನೆಯದು ಮಾತ್ರ ಪ್ಯಾರಾದ ಟೆಕ್ಸ್ಟ್, ಉಳಿದ ಐದೂ ಐದು ಬಿಆರ್‌ಗಳ ಬಾಲ. ಬಿಆರ್ ಬೇಡ, ನಾನೇ ಸಾಲಿಗೆ ಬೇರೆ ಗುರುತು ಹಾಕುತ್ತೇನೆ ಎಂದು ಅದನ್ನು ಒಳಗಿಟ್ಟುಕೊಂಡ ಹೊರಗಿನ ಟ್ಯಾಗಿನಿಂದ (ಅದರ ತಂದೆಯಿಂದ) ರಿಮೂವ್ ಮಾಡಿದೆ. ಬಾಲವೂ ಜೊತೆಗೆ ಹೋಯಿತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಒಂದಿಡೀ ಪ್ರಸಂಗ ಪ್ರತಿ ಪದ್ಯದ ಮೊದಲ ಸಾಲಿನೊಂದಿಗೆ ಅಚ್ಚುಕಟ್ಟಾಗಿ ಹೊರಬಂತು. ಭಾಗವತರು ಪದ ಎತ್ತಿಕೊಟ್ಟು ನಿಲ್ಲಿಸಿದ ಹಾಗೆ. ಎಚ್‌ಟಿಎಂಎಲ್ ಮಾಡ್ಯೂಲಿನ ಡ್ರಾಪ್‌ಟ್ಯಾಗ್ ಮತ್ತು ಡ್ರಾಪ್‌ಟ್ರೀ ಆಜ್ಞೆಗಳು ಬಾಲವನ್ನು ಉಳಿಸುತ್ತವೆ, ರಿಮೂವ್ ಉಳಿಸುವುದಿಲ್ಲ. ಅಂದಿನಿಂದ ಟ್ಯಾಗ್ ತೆಗೆಯುವ ಪ್ರತಿ ಹೆಜ್ಜೆಯ ಮುಂಚೆ ಮತ್ತು ನಂತರ ಇಡೀ ಮರದ ಪಠ್ಯದ ಅಕ್ಷರ ಎಣಿಸುತ್ತೇನೆ. ಒಂದು ವ್ಯತ್ಯಾಸ ಬಂದರೂ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ.

ಎರಡನೆಯ ಸಲ ಬಿದ್ದದ್ದು ಇನ್ನೂ ನಯವಾಗಿ. ಎಕ್ಸ್‌ಪಾತಿನಿಂದ ಪಠ್ಯ ತುಣುಕುಗಳನ್ನು ತೆಗೆದು ಪ್ರತಿಯೊಂದಕ್ಕೂ ತಂದೆಯನ್ನು ಕೇಳಿ, ತಂದೆಯ ಫಾಂಟು ನುಡಿಯಾದರೆ ಬದಲಿಸು ಎಂದೆ. ಆದರೆ ತುಣುಕು ಬಾಲವಾಗಿದ್ದರೆ ಅದು ತೋರಿಸುವ ತಂದೆ ನಿಜವಾದ ತಂದೆಯಲ್ಲ, ಬಾಲ ಯಾವ ಟ್ಯಾಗಿನದೋ ಆ ಟ್ಯಾಗ್. ನುಡಿ ಫಾಂಟಿನ ಟ್ಯಾಗ್ ಮುಚ್ಚಿದ ಮೇಲೆ ಬಂದ ಇಂಗ್ಲಿಷ್ ಪದಗಳೆಲ್ಲ ಕನ್ನಡವಾಗಿಬಿಟ್ಟವು. ನಿಯಮ ಇಷ್ಟೇ: ಟೆಕ್ಸ್ಟ್ ಆದರೆ ಆ ಟ್ಯಾಗಿನಿಂದಲೇ ಮೇಲಕ್ಕೆ ಫಾಂಟು ಹುಡುಕು, ಟೇಲ್ ಆದರೆ ಒಂದು ಮೆಟ್ಟಿಲು ಹತ್ತಿ ಅಲ್ಲಿಂದ ಮೇಲಕ್ಕೆ. ಇಪ್ಪತ್ತು ಸಾಲಿನ ಫಂಕ್ಷನ್, ಕೆಲಸದ ಅರ್ಧ ಬೆಲೆ ಅದರಲ್ಲೇ ಉಂಟು. ವರ್ಡಿನ ಫೈಲುಗಳಲ್ಲಿ ಫಾಂಟು ಟ್ಯಾಗಿನ ಮೇಲಿರದೆ ತಲೆಯ ಸ್ಟೈಲ್ ಭಾಗದಲ್ಲಿ ಕ್ಲಾಸಿನ ಹೆಸರಿಗೆ ಕಟ್ಟಿರುತ್ತದೆ, ಅದನ್ನು ಮೊದಲೇ ಓದಿ ಪಟ್ಟಿ ಮಾಡಿಟ್ಟುಕೊಳ್ಳಬೇಕು. ನುಡಿ 01 ಇ, ನುಡಿ 05 ಇ ಎಂದು ಹೆಸರು ಹತ್ತಾರು, ಮುಂಭಾಗ ಮಾತ್ರ ಹೋಲಿಸಿದರೆ ಸಾಕು. ಬರಹದ ಬಿಆರ್‌ಎಚ್ ಫಾಂಟುಗಳಿಗೂ ನನ್ನ ಫೈಲುಗಳ ಮಟ್ಟಿಗೆ ನುಡಿಯ ಕೋಷ್ಟಕವೇ (ಯಾವ ಗುರುತಿಗೆ ಯಾವ ಕನ್ನಡ ಅಕ್ಷರ ಎಂಬ ಪಟ್ಟಿ) ಬಹುಪಾಲು ನಡೆಯಿತು. ಶ್ರೀಲಿಪಿಗೆ ನಡೆಯುವುದಿಲ್ಲ. ಅದರ ಕೋಷ್ಟಕ ಮಾಡಲು ಎರಡು ತಿಂಗಳು ಹಿಡಿದದ್ದರಿಂದ ಅದನ್ನು ಇಲ್ಲಿ ಹಂಚುವ ಮನಸ್ಸಿಲ್ಲ.

ಅಕ್ಷರ ಬದಲಿಸುವುದು ಕೋಷ್ಟಕದ ಕೆಲಸ, ಸ್ಥಾನ ಬದಲಿಸುವುದು ನಿಜವಾದ ಕೆಲಸ. ನುಡಿಯಲ್ಲಿ ಕಣ್ಣಿಗೆ ಕಾಣುವ ಕ್ರಮ. "ಅಕ್ಕಿ" ಬರೆದರೆ ಅಕಾರ, ಕಿ, ಆಮೇಲೆ ಕಾ ಒತ್ತು; ಯೂನಿಕೋಡಿಗೆ ಒತ್ತು ಮೊದಲು, ಇಕಾರ ಕೊನೆಗೆ ಬೇಕು. ಅರ್ಕಾವತ್ತು ಇನ್ನೂ ದೂರ ಸಾಗಬೇಕು, ಅಕ್ಷರದ ನಂತರ ಇದ್ದದ್ದನ್ನು ಅಕ್ಷರಕ್ಕಿಂತಲೇ ಮೊದಲು ತರಬೇಕು. ಮೊದಲ ಓಟದಲ್ಲಿ ಕರ್ಣ "ಕಣರ್" ಆದ, ಅರ್ಜುನ "ಅಜುರ್ನ" ಆದ. ದೀರ್ಘದ ಕೊಂಬನ್ನು ಕೆಲವರು ಒತ್ತಿಗಿಂತ ಮೊದಲು, ಕೆಲವರು ಆಮೇಲೆ ಟೈಪು ಮಾಡಿದ್ದಾರೆ. ಪರದೆಯಲ್ಲಿ ಎರಡೂ ಒಂದೇ, ಒಳಗೆ ಬೇರೆ ಬೇರೆ. ಎಲ್ಲ ಮುಗಿದ ಮೇಲೆ ಎನ್‌ಎಫ್‌ಸಿ ನಾರ್ಮಲೈಸ್ ಮಾಡದಿದ್ದರೆ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಜೋಡಣೆಗಳನ್ನು ಒಂದೇ ರೂಪಕ್ಕೆ ತರದಿದ್ದರೆ, ಓಕಾರ ಕೆಲವೆಡೆ ಒಂದು ಕೋಡು, ಕೆಲವೆಡೆ ಎರಡು ಮೂರು ಕೋಡಿನ ಜೋಡಣೆಯಾಗಿ ಉಳಿದು ಹುಡುಕಾಟದಲ್ಲಿ ಸಿಗುವುದಿಲ್ಲ.

ಇದಕ್ಕೂ ಮರಕ್ಕೂ ಏನು ಸಂಬಂಧ ಎಂದರೆ, ವರ್ಡ್ ಒಂದು ಪದವನ್ನು ನಡುವೆ ಕತ್ತರಿಸುತ್ತದೆ. ಸ್ಪೆಲ್ಲಿಂಗ್ ತಪ್ಪೆಂದು ಗುರುತಿಸಿದ ಕಡೆ ಸ್ಪ್ಯಾನ್ ಎಂಬ ಟ್ಯಾಗ್, ದಪ್ಪಕ್ಷರ ಅರ್ಧ ಪದಕ್ಕೆ ಮಾತ್ರ. ಆಗ ಅಕ್ಷರ ಒಂದು ಟ್ಯಾಗಿನಲ್ಲಿ, ಅದರ ಒತ್ತು ಮುಂದಿನ ಟ್ಯಾಗಿನಲ್ಲಿ. ತುಣುಕು ತುಣುಕಾಗಿ ಬದಲಿಸಿದರೆ ಒತ್ತು ಅನಾಥ. ಮೊದಲು ಸ್ಪೆಲ್ಲಿಂಗ್ ಸ್ಪ್ಯಾನುಗಳನ್ನೆಲ್ಲ ಡ್ರಾಪ್‌ಟ್ಯಾಗ್ ಮಾಡಿ, ಒಂದೇ ಫಾಂಟಿನ ಅಕ್ಕಪಕ್ಕದ ತುಣುಕುಗಳನ್ನು ಬೆಸೆಯಬೇಕು. ಬೆಸೆಯಲಾಗದ ಕಡೆ, ಅಂದರೆ ದಪ್ಪಕ್ಷರದ ಅಂಚಿನಲ್ಲಿ, ಒತ್ತಿನಿಂದ ಶುರುವಾಗುವ ತುಣುಕಿನ ಒತ್ತನ್ನು ಹಿಂದಿನ ತುಣುಕಿಗೆ ಸಾಗಿಸಬೇಕು. ಅರ್ಕಾವತ್ತು ಮತ್ತು ಒತ್ತು ಒಟ್ಟಿಗೆ ಬಂದರೆ ಯಾವುದನ್ನು ಮೊದಲು ಸಾಗಿಸುವುದು ಎಂಬುದರಲ್ಲಿ ಒಂದು ಕೈಚಳಕ ಉಂಟು. ಅದು ನನ್ನಲ್ಲೇ ಇರಲಿ. "ಅರ್ಘ್ಯ", "ಸಾಮರ್ಥ್ಯ" ಈ ಎರಡು ಸರಿಯಾಗಿ ಬಂದರೆ ನಿಮಗೂ ಸಿಕ್ಕಿತು ಎಂದು ಲೆಕ್ಕ.

ತಪ್ಪು ಹುಡುಕಲು 2,300 ಪುಟ ಓದುವವರು ಯಾರು? ಇಲ್ಲಿ ಒಂದು ಅಡ್ಡಪ್ರಯೋಗ ಮಾಡಿದೆ, ಅದೇ ಇಡೀ ಕೆಲಸದ ಮಾನ ಉಳಿಸಿತು. ಪದ್ಯಗಳ ತಲೆಯಲ್ಲಿ ಭಾಮಿನಿ, ವಾರ್ಧಕ ಎಂದು ಷಟ್ಪದಿಯ ಹೆಸರು ಬರೆದೇ ಇರುತ್ತದೆ. ಭಾಮಿನಿಯ 1, 2, 4, 5ನೆಯ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ವಾರ್ಧಕದಲ್ಲಿ 20 ಮತ್ತು 32. ಒಂದು ಒತ್ತು ಕಳೆದುಹೋದರೆ ಅದರ ಹಿಂದಿನ ಗುರು ಲಘುವಾಗಿ ಒಂದು ಮಾತ್ರೆ ಬೀಳುತ್ತದೆ, ದೀರ್ಘ ಹೋದರೂ ಹಾಗೆಯೇ. ಪ್ರೋಗ್ರಾಮ್ ಮಾತ್ರೆ ಎಣಿಸಿ ಲೆಕ್ಕ ತಪ್ಪಿದ ಸಾಲನ್ನು ಕೆಂಪು ಮಾಡುತ್ತದೆ. ಛಂದಸ್ಸೇ ಕರಡು ತಿದ್ದುತ್ತದೆ! ಸಾವಿರದ ಚಿಲ್ಲರೆ ಪದ್ಯಗಳಲ್ಲಿ ಮೊದಲ ಓಟಕ್ಕೆ ಮೂರನೆಯ ಒಂದು ಪಾಲು ಕೆಂಪಾಯಿತು. ಅದರಲ್ಲಿ ಬಹಳಷ್ಟು ನನ್ನ ಎಣಿಕೆಯದ್ದೇ ತಪ್ಪು. ಮುಂದಿನ ಸಾಲು ಸಂಯುಕ್ತಾಕ್ಷರದಿಂದ ಶುರುವಾದರೆ ಈ ಸಾಲಿನ ಕೊನೆಯ ಲಘು ಗುರುವಾಗುತ್ತದೆ, ಹಾಗಾಗಿ ಬಿಆರ್ ದಾಟಿ ಮುಂದಿನ ಬಾಲವನ್ನೂ ಇಣುಕಬೇಕು. 3 ಮತ್ತು 6ರ ಕೊನೆಯ ಅಕ್ಷರ ಲಘುವಾದರೂ ಗುರು ಎಂದೇ ಎಣಿಸಬೇಕು. ಶಿಥಿಲದ್ವಿತ್ವ (ಒತ್ತಕ್ಷರವಿದ್ದರೂ ಹಿಂದಿನದು ಲಘುವಾಗಿಯೇ ಉಳಿಯುವುದು) ಬಂದರೆ ಯಂತ್ರಕ್ಕೆ ತಿಳಿಯುವುದಿಲ್ಲ, ಬಿಟ್ಟುಬಿಟ್ಟೆ. ಕೊನೆಗೆ ಉಳಿದ ಕೆಂಪು ನಲವತ್ತರ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಚ್ಚಿನ ಪುಸ್ತಕದಲ್ಲೇ ತಪ್ಪಿದ್ದವು. ಗದ್ಯಕ್ಕೆ ಈ ಭಾಗ್ಯ ಇಲ್ಲ. ಅಲ್ಲಿ ಪದಪಟ್ಟಿ ಮಾಡಿ ಒಂದೇ ಸಲ ಬಂದ ಪದಗಳನ್ನು ಮಾತ್ರ ನೋಡಿದೆ.

ಆ ಪದಪಟ್ಟಿಗೆ ಪೈಥಾನಿನ ಮಾಮೂಲು ರೆಜೆಕ್ಸ್ ಬಳಸಬೇಡಿ. ಅದರ ಲೆಕ್ಕದಲ್ಲಿ ಕಾಗುಣಿತದ ಚಿಹ್ನೆ ಪದದ ಭಾಗವೇ ಅಲ್ಲ. "ಕಾಸರಗೋಡು" ಕೊಟ್ಟರೆ ಕ, ಸರಗ, ಡ ಎಂದು ಮೂರು ಪದ ಕೊಡುತ್ತದೆ. ಪೈಥಾನಿಗೆ ಪ್ಯಾಕೇಜು ತರುವ ಪಿಪ್‌ನಲ್ಲಿ ಸಿಗುವ "ರೆಜೆಕ್ಸ್" ಹೆಸರಿನ ಬೇರೆ ಪ್ಯಾಕೇಜು ಸರಿಯಾಗಿ ಮಾಡುತ್ತದೆ.

ಸ್ಮರಣ ಸಂಚಿಕೆ ಅಂದಮೇಲೆ ಮಲಯಾಳದ ಶುಭಾಶಯ, ಜಾಹೀರಾತು ಇಲ್ಲದೆ ಇರುತ್ತದೆಯೇ. ಎಂಎಲ್-ಟಿಟಿ ಕಾರ್ತಿಕ ಫಾಂಟು. ಅಲ್ಲಿ ಎಕಾರದ ಚಿಹ್ನೆ ವ್ಯಂಜನದ ಎಡಕ್ಕೆ ಕೂರುವುದರಿಂದ ಸಾಗಣೆಯ ದಿಕ್ಕೇ ತಿರುಗುಮುರುಗು. ಫಾಂಟಿನ ಹೆಸರು ನೋಡಿ ಬೇರೆ ಕೋಷ್ಟಕಕ್ಕೆ ಕಳಿಸಿದೆ, ಶುಭಾಶಯಗಳು ಬಂದವು, ಜಾಹೀರಾತುಗಳು ಇನ್ನೂ ಬಾಕಿ.

ಹಣದ ವಿಷಯ. ಟೈಪಿಗೆ ಪುಟಕ್ಕೆ 35 ರೂಪಾಯಿಯಂತೆ 80,000ದ ಹತ್ತಿರ, ಕರಡು ತಿದ್ದಲು ಬೇರೆ 30,000 ಎಂದಿದ್ದರು. ಮಾದರಿಗೆ 60 ಪುಟ ಮಾಡಿಸಿದ್ದಕ್ಕೆ 2,100 ಹೋಯಿತು, ಹಳೆ ತಪ್ಪು ಹೋಗಿ ಹೊಸ ತಪ್ಪು ಬಂತು. ಒಂದು ಕನ್ವರ್ಟರಿಗೆ 3,500 ಕೊಟ್ಟೆ. ಅದು ಟ್ಯಾಗ್ ಕಂಡರೆ ಕುಸಿಯುತ್ತಿತ್ತು, ದುಡ್ಡು ವಾಪಸಿಲ್ಲ. ಹಳೆ ಲ್ಯಾಪ್‌ಟಾಪಿಗೆ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಸೇರಿ ನಾಲ್ಕೂವರೆ ಸಾವಿರ. ಕೆಂಪಾದ ಸಾಲುಗಳನ್ನು ಮಾತ್ರ ಮೂಲದೊಡನೆ ಹೋಲಿಸಿದವರಿಗೆ ಒಂಬತ್ತು ಸಾವಿರ. ಎಲ್ಲ ಸೇರಿ ಇಪ್ಪತ್ತು ಸಾವಿರದ ಒಳಗೆ, ಸಂಜೆಗಳನ್ನು ಲೆಕ್ಕ ಹಾಕದಿದ್ದರೆ. ಪೈಥಾನ್ ಲೈಬ್ರರಿಗಳಿಗೆ ಒಂದು ಪೈಸೆ ಇಲ್ಲ.

ಇನ್ನು ಬದಲಿಸಿದ್ದನ್ನು ಫೈಲಿಗೆ ಬರೆಯುವಾಗ ಬೀಳುವ ಗುಂಡಿಗಳು. ಎಲ್‌ಎಕ್ಸ್‌ಎಂಎಲ್‌ನ ಟುಸ್ಟ್ರಿಂಗ್ ಎಂಬ ಬರೆಯುವ ಫಂಕ್ಷನ್‌ಗೆ ಎನ್‌ಕೋಡಿಂಗ್ ಹೇಳದಿದ್ದರೆ ಕನ್ನಡವೇ ಇಲ್ಲದ ಆಸ್ಕಿಯಲ್ಲೇ ಬರೆಯುತ್ತದೆ. ಪ್ರತಿ ಕಕಾರವೂ 3221 ಎಂಬ ಸಂಖ್ಯೆಯಾಗಿ, ಹಿಂದುಮುಂದಿನ ಗುರುತುಗಳೂ ಸೇರಿ ಮೂರು ಬೈಟಿನ ಬದಲು ಏಳು ಬೈಟು ತಿಂದು, ಫೈಲು ಎರಡು ಪಟ್ಟು ಊದಿಕೊಳ್ಳುತ್ತದೆ. ಯುಟಿಎಫ್-8 ಎಂದು ಬರೆಯಿರಿ. ಬ್ರೌಸರಿಗಾದರೆ ವಿಧಾನ ಎಚ್‌ಟಿಎಂಎಲ್ ಎಂದಿರಲಿ. ಎಕ್ಸ್‌ಎಂಎಲ್ ವಿಧಾನದಲ್ಲಿ ಖಾಲಿ ಓರೆಯಕ್ಷರದ ಟ್ಯಾಗ್ ತನ್ನನ್ನು ತಾನೇ ಮುಚ್ಚಿಕೊಂಡು ಬರುತ್ತದೆ, ಬ್ರೌಸರ್ ಅದನ್ನು ಮುಚ್ಚಿಲ್ಲವೆಂದೇ ತಿಳಿದು ಪುಟದ ಕೊನೆಯವರೆಗೆ ಓರೆ ಮಾಡುತ್ತದೆ. ಇ-ಪುಸ್ತಕದ ರೂಪವಾದ ಇಪಬ್‌ಗೆ ಎಕ್ಸ್‌ಎಂಎಲ್ ವಿಧಾನವೇ ಬೇಕು, ಖಾಲಿ ಟ್ಯಾಗುಗಳನ್ನು ಮೊದಲೇ ಡ್ರಾಪ್‌ಟ್ಯಾಗ್ ಮಾಡಿ. ಪೇಜ್‌ಮೇಕರಿನ ಮುಚ್ಚದ ಫಾಂಟ್ ಟ್ಯಾಗುಗಳು ಒಂದರೊಳಗೊಂದು ಕೂತು ಪಾತಾಳಕ್ಕಿಳಿದಿದ್ದರೆ ಎಕ್ಸ್‌ಎಂಎಲ್ ಪಾರ್ಸರ್ 256 ಪದರಕ್ಕೆ ನಿಲ್ಲುತ್ತದೆ. ಹ್ಯೂಜ್‌ಟ್ರೀ ಆಯ್ಕೆಯಿಂದ ಆ ಮಿತಿ ಏರಿಸಬಹುದು, ಚಪ್ಪಟೆ ಮಾಡುವುದು ಮೇಲು. ತಪ್ಪು ಕಂಡರೂ ಓದು ಮುಂದುವರಿಸುವ ರಿಕವರ್ ಆಯ್ಕೆ ಹಾಕಿದ್ದರೆ ಎರರ್ ಲಾಗನ್ನು ಪ್ರತಿ ಫೈಲಿಗೂ ಮುದ್ರಿಸಿ, ಅದು ನುಂಗಿದ್ದು ಬಾಯಿಬಿಟ್ಟು ಹೇಳುವುದಿಲ್ಲ. ಇಪಬ್ ಜಿಪ್ ಮಾಡುವಾಗ ಇದು ಇಪಬ್ ಎಂದು ಹೇಳುವ ಮೈಮ್‌ಟೈಪ್ ಫೈಲು ಮೊದಲು, ಅದೂ ಕುಗ್ಗಿಸದೆ. ಇದೊಂದನ್ನು ನಾನು ಮರೆತದ್ದರಿಂದ ತಪಾಸಣೆಯ ಪ್ರೋಗ್ರಾಮ್ ಇಪಬ್‌ಚೆಕ್ ನನ್ನ ಮೊದಲ ಹದಿನೈದು ಪ್ರಸಂಗಗಳನ್ನೂ ತಿರಸ್ಕರಿಸಿತ್ತು.